ಆಮೆಯ ಸದ್ದು

ಹಿಮದ ಶಿಬಿರ
ಮಾರ್ಚ್ ೯

ಪ್ರೀತಿಯ ಅಕ್ಕ,

ನಮಸ್ಕಾರ. ಉತ್ತರ ತಡವಾಯಿತು, ಬೈಯಬೇಡ. ಬೈದರೂ ಸರಿಯೇ, ನಿನ್ನ ಬೈಗುಳ ಕೇಳಿ ಎಷ್ಟೋ ದಿನವಾಯಿತು. ತಮ್ಮನಿಗೆ ಉಸಿರಾಡಿಸುವ ಯಂತ್ರವನ್ನು ಮುಂದುವರಿಸುವುದೋ ನಿಲ್ಲಿಸುವುದೋ ಎಂದು ಡಾಕ್ಟರು ನಮ್ಮಿಬ್ಬರ ಮಾತಿಗೆ ಕಾಯುತ್ತಿದ್ದಾರೆ ಎಂದು ನೀನು ಬರೆದಿದ್ದೆ. "ಹೆಸರು ಹಿಡಿದು ಕರೆದ್ರೆ ಅವನ ಬೆರಳು ಆಡುತ್ತೆ ಕಣೇ. ಡಾಕ್ಟರು ಅದು ಬರೀ ನರದ ಆಟ ಅಂತಾರೆ. ನೀನು ಯಂತ್ರದವಳು, ನೀನೇ ಹೇಳು" ಎಂದೂ ಬರೆದಿದ್ದೆ. ಆ ಸಾಲುಗಳನ್ನು ಓದಿ ಓದಿ ಕಣ್ಣು ಸೋತಿದೆ. ಫೋನು ಮಾಡಿದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ, ಫೋಟೋ ತೆಗೆದು ನಿನ್ನ ಮೊಬೈಲಿಗೆ ಕಳಿಸುತ್ತೇನೆ.

ಇಲ್ಲಿನ ಸುದ್ದಿಯೂ ಚೆನ್ನಾಗಿಲ್ಲ. ನಮ್ಮ ಆಮೆ ಹೋಯಿತು. ಹಿಮದ ಕೆಳಗೆ ಈಜಿ ಕಡಲನ್ನು ನೋಡಿಕೊಂಡು ಬರುವ ಈ ರೋಬೋಟ್‌ಗೆ ಆ ಹೆಸರಿಟ್ಟವನು ತಮ್ಮನೇ ಅಲ್ಲವೇ? ಮುಂದೊಂದು ದಿನ ಇದರ ಮರಿಗಳು ಯಾವುದೋ ದೂರದ ಚಂದ್ರನಲ್ಲಿ, ಹಿಮದಡಿಯ ಕಡಲಿಗೆ ಇಳಿಯುತ್ತವೆ ಎಂದು ನಾನು ಜಂಬ ಕೊಚ್ಚಿದಾಗ, "ಮೊದ್ಲು ಇಲ್ಲಿ ನೀರು ಕುಡೀದೆ ವಾಪಸ್ ಬರ್ಲಿ ಬಿಡು" ಎಂದು ನಕ್ಕಿದ್ದ.

ಕಳೆದ ವಾರ ಕೇಬಲ್ ತುಂಡಾಗಿ ಆಮೆ ಹಿಮದಡಿಯಲ್ಲೆಲ್ಲೋ ಸಿಕ್ಕಿಕೊಂಡಿತು. ಆದರೆ ಇಯರ್‌ಫೋನಿನಲ್ಲಿ ಅದರ ಟಿಕ್ ಟಿಕ್ ಸದ್ದು ಕೇಳುತ್ತಲೇ ಇತ್ತು. ನಾನು ಕುಣಿದಾಡಿಬಿಟ್ಟೆ. ನಮ್ಮ ತಂಡದ ಹಿರಿಯರು, "ಆ ಸದ್ದು ನಂಬ್ಬೇಡಮ್ಮ" ಎಂದರು. ಕೇಳಿದೆನೇ? ಜಗಳವಾಡಿ, ಸದ್ದು ಬರುವ ಕಡೆ ಹೊಸ ತೂತು ಕೊರೆಸಿದೆ. ಅಡುಗೆಯವನೂ ಸೌಟು ಬಿಟ್ಟು ಸಲಿಕೆ ಹಿಡಿದ. ಎಲ್ಲರ ಅಂಗೈಯಲ್ಲೂ ಬೊಬ್ಬೆ. ಕ್ಯಾಮೆರಾ ಇಳಿಸಿ ನೋಡಿದರೆ ಆಮೆಯ ಹೊಟ್ಟೆ ಸೀಳಿಹೋಗಿತ್ತು, ಒಳಗೆಲ್ಲ ನೀರು. ಮೋಟಾರು, ಕಂಪ್ಯೂಟರು ಯಾವುದೂ ಉಳಿದಿರಲಿಲ್ಲ. ಸದ್ದು ಮಾತ್ರ ಬರುತ್ತಲೇ ಇತ್ತು.

ಆ ಸದ್ದಿಗೆ ಬೇರೆಯೇ ಒಂದು ಪುಟ್ಟ ಬ್ಯಾಟರಿ ಇದೆ ಅಕ್ಕ. ಉಳಿದದ್ದೆಲ್ಲ ಸತ್ತ ಮೇಲೂ ಎಲ್ಲಿ ಬಿದ್ದಿದೆ ಎಂದು ತಿಳಿಯಲಿ ಎಂದು ಇಡುತ್ತೇವೆ. ಅದನ್ನು ಜೋಡಿಸಿದವಳು ನಾನೇ! ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗಾಯಿತು ನನ್ನ ಪಾಡು. ಹಿರಿಯರು ಟೀ ಲೋಟ ತಂದು ಕೈಗಿಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹಿಮ ಬಿರಿದು ದಾರಿಯಾಗುವವರೆಗೆ ಹಡಗು ಬರುವುದಿಲ್ಲ, ಹಡಗು ಬರದೆ ನಾನು ಬರಲಾರೆ. ನೀನು ಊಟ ಬಿಡಬೇಡ. ಆಸ್ಪತ್ರೆಯ ಕುರ್ಚಿಯಲ್ಲೇ ನಿದ್ದೆ ಮಾಡಿ ಸೊಂಟ ಹಿಡಿಸಿಕೊಳ್ಳಬೇಡ. ಭಾವನಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಚೆನ್ನಾಗಿರಲಿ, ಚಿಕ್ಕಮ್ಮ ಹೀಗೆಂದಳು ಎಂದು ಹೇಳು.

ನಿನ್ನ
ಹರಟೆಮಲ್ಲಿ

ತಾ.ಕ.: ಮರೆತಿರಲಿಲ್ಲ ಅಕ್ಕ, ಬರೆಯಲು ಕೈ ಬರಲಿಲ್ಲ. ಅವನ ಬೆರಳು ಆಡುವುದೂ ಬೇರೆ ಬ್ಯಾಟರಿಯಿಂದಲೇ. ಡಾಕ್ಟರು ಹೇಳಿದ್ದು ನಿಜ. ನನ್ನ ಒಪ್ಪಿಗೆ ಇದೆ ಎಂದು ಹೇಳಿಬಿಡು, ನನಗಾಗಿ ಕಾಯಬೇಡ. ಯಂತ್ರ ನಿಲ್ಲಿಸುವಾಗ ಅವನ ಕೈ ಹಿಡಿದುಕೊಂಡಿರು. ಆದರೆ ಹೆಸರು ಹಿಡಿದು ಮಾತ್ರ ಕರೆಯಬೇಡ. ಬೆರಳು ಆಡಿದರೆ ನಿನ್ನಿಂದ ಆಗುವುದಿಲ್ಲ. ನನಗೆ ಗೊತ್ತು, ನಾನು ಇನ್ನೂ ಇಯರ್‌ಫೋನ್ ತೆಗೆದಿಲ್ಲ.