ಗಾಡಿಮನೆಗೆ ಹೊದಿಸಿದ ಟಾರ್ಪಾಲು

ಬಾಬುರಾಯನಕೊಪ್ಪಲು
೧೭ ಆಗಸ್ಟ್ ೨೦೨೫, ಭಾನುವಾರ

ಪ್ರಿಯ ದೇವರಾಜು,

ನಾನು ಕ್ಷೇಮ. ಹುಬ್ಬಳ್ಳಿಯ ಮಗಳ ಮನೆಯಲ್ಲಿ ನೀನೂ, ಸುನಿತಮ್ಮನೂ, ಬಾಣಂತಿ ಅರ್ಪಿತಳೂ, ಹೊಸದಾಗಿ ಬಂದ ಕೂಸೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಫೋನು ಎತ್ತದೆ ಹದಿನೈದು ದಿನವಾಯಿತು, ತಪ್ಪು ತಿಳಿಯಬೇಡ. ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಿ ಗೆದ್ದವರಿಲ್ಲ. ನಾನು ಒಂದು ಮಾತು ಶುರು ಮಾಡಿದರೆ ನೀನು ಒಂಬತ್ತು ಆಡುತ್ತೀಯ. ಕೊನೆಗೆ "ಊಟ ಆಯ್ತೇನ್ಲಾ ನಾಗ" ಅಂದುಬಿಡುತ್ತೀಯ, ನಾನು ಕರಗಿಹೋಗುತ್ತೇನೆ. ಇಸ್ಕೂಲಿಗೆ ಹೋಗುತ್ತಿದ್ದಾಗಿನಿಂದ ಹೀಗೇ ನಡೆದುಕೊಂಡು ಬಂದಿದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಈ ಸಲ ಇಲ್ಲಿ ಮಳೆ ಜೋರು. ಅಣೆಕಟ್ಟೆಯಿಂದ ನೀರು ಬಿಟ್ಟು ಹೊಳೆ ಎರಡು ದಂಡೆ ತುಂಬಿ ಹರಿಯುತ್ತಿದೆ. ಪಕ್ಕದ ಮನೆ ಕುಳ್ಳಮ್ಮನ ಎಮ್ಮೆ ಕರು ಹಾಕಿತು. ಗಿಣ್ಣು ತಂದುಕೊಟ್ಟಳು, ಒಬ್ಬನೇ ಕೂತು ತಿಂದೆ. ದೊಡ್ಡತಾಯಮ್ಮ ಹೋಗಿ ಐದು ತಿಂಗಳಾಗುತ್ತಾ ಬಂತು. ಹೆಂಡತಿ ಇಲ್ಲ ಅನ್ನುವುದು ನನ್ನ ಕೈಗೆ ಇನ್ನೂ ಗೊತ್ತಾಗಿಲ್ಲ, ಇಬ್ಬರ ಅಳತೆಗೇ ಅಕ್ಕಿ ಹಾಕುತ್ತದೆ.

ಇನ್ನು ನೀನು ದಿನಾ ಮೆಸೇಜು ಹಾಕಿ ಕೇಳುವ ಗಾಡಿಮನೆಯ ವಿಷಯ.

ಜೂನ್ ತಿಂಗಳ ಕೊನೆಗೆ, ತೊಣ್ಣೂರು ಕೆರೆ ಪಕ್ಕದ ನಿನ್ನ ಜಮೀನು ಮಳೆಗೆ ಕೆಸರಾಗುತ್ತೆ ಅಂತ, ಆ ಚಕ್ರದ ಮೇಲಿನ ಮರದ ಮನೆಯನ್ನು ಜೀಪಿಗೆ ಕಟ್ಟಿ ಎಳೆದು ತಂದು ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿದೆಯಲ್ಲ. ಬೆಂಗಳೂರಿಂದ ತರಿಸಿದ ಬೂದು ಬಣ್ಣದ ಹೊದಿಕೆಯ ಗಂಟನ್ನು ನನ್ನ ಕೈಗಿಟ್ಟು ನೀನು ಅಂದ ಮಾತು ನೆನಪಿದೆ. "ನೀರ್ನ ಒಳಕ್ಕೆ ಬುಡಾಕಿಲ್ವಂತೆ, ಗಾಳಿ ಮಾತ್ರ ಆಡ್ತದಂತೆ ಕಣ್ಲಾ. ಚೆಂದಾಗಿ ಒದ್ಸು. ನಿಂಗೇನ್ ಯೋಳ್ಕೊಡ್ಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ನೀನು ಹುಬ್ಬಳ್ಳಿಗೆ ಹೊರಟ ಮಾರನೇ ದಿನವೇ ಗಾಡಿಮನೆಯ ಒಳಗೆಲ್ಲ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆದೆ. ಒಣಗಲು ಬಿಡಲಿಲ್ಲ. ಹಾಸಿಗೆ, ದಿಂಬು ಅಲ್ಲೇ ಇರಲಿ ಅಂತ ಬಿಟ್ಟೆ. ಚಾವಣಿಯ ಗಾಳಿಕಿಂಡಿ, ಕಿಟಕಿ ಎಲ್ಲ ಭದ್ರವಾಗಿ ಮುಚ್ಚಿದೆ. ಮೇಲೆ ಕರಿ ಪ್ಲಾಸ್ಟಿಕ್ ಟಾರ್ಪಾಲು ಎಳೆದು, ನೆಲ ಮುಟ್ಟುವವರೆಗೆ ಇಳಿಬಿಟ್ಟು, ನೈಲಾನ್ ಹಗ್ಗದಲ್ಲಿ ಬಿಗಿದೆ. ಹಗ್ಗ ಹಿಡಿಯಲು ಬಂದಿದ್ದ ಎದುರುಮನೆ ಚಿಕ್ಕಸ್ವಾಮಿಗೇ ಅನುಮಾನ ಬಂತು. "ಅಣ್ಣೋ, ಒಳ್ಗೆ ಇನ್ನೂ ಒದ್ದೆ ಅದೆ. ಈಗ್ಲೇ ಮುಚ್ಬುಟ್ರೆ ಬೂಷ್ಟು ಇಡ್ಯಾಕಿಲ್ವಾ?" ಅಂದ. "ನೀನು ಹಗ್ಗ ಎಳಿಲಾ ಸುಮ್ಕೆ" ಅಂದೆ.

ಒದ್ದೆ ಮರಕ್ಕೆ ಪ್ಲಾಸ್ಟಿಕ್ ಸುತ್ತಬಾರದು ಅನ್ನುವುದು ಆಚಾರಿಗಳ ಮನೆಯಲ್ಲಿ ಉಳಿ ಹಿಡಿಯುವ ಮೊದಲೇ ಕಲಿಯುವ ಪಾಠ. ಬಿಸಿ ಮುದ್ದೆಗೆ ತಟ್ಟೆ ಮುಚ್ಚಿದರೆ ತಟ್ಟೆ ಬೆವರಿ, ಆ ನೀರು ಮುದ್ದೆಯ ಮೇಲೇ ಇಳಿಯುತ್ತದಲ್ಲ, ಹಾಗೆ. ಬಿಸಿಲು ಬಂದಾಗ ಒಳಗಿನ ತೇವ ಆವಿಯಾಗುತ್ತದೆ, ತಣ್ಣಗಾದ ಮೇಲೆ ಮರಕ್ಕೇ ಮೆತ್ತಿಕೊಳ್ಳುತ್ತದೆ. ಐವತ್ತು ದಿನದಿಂದ ಇದೇ ನಡೆದಿದೆ. ನಿನ್ನ ಬೆಂಗಳೂರಿನ ಹೊದಿಕೆ ದಂಡವಾಗಿಲ್ಲ, ಚಿಂತೆ ಬೇಡ. ಕುಳ್ಳಮ್ಮನ ಹುಲ್ಲಿನ ಮೆದೆಗೆ ಹೊದಿಸಿದ್ದೇನೆ. ಇಷ್ಟು ಮಳೆಯಲ್ಲೂ ಹುಲ್ಲು ಗರಿಗರಿಯಾಗಿದೆ. ನೀನು ಹೇಳಿದ್ದು ಸರಿ, ಗಾಳಿ ಚೆನ್ನಾಗಿ ಆಡುತ್ತದೆ.

ಯಾಕೆ ಹೀಗೆ ಮಾಡಿದೆ ಅಂತ ಕೇಳುತ್ತೀಯ. ಗಾಡಿಮನೆಯ ಪ್ರವೇಶ ಇಟ್ಟುಕೊಂಡಿದ್ದ ರಥಸಪ್ತಮಿಯ ದಿನವನ್ನು ನೆನೆಸಿಕೋ.

ಹದಿನಾಲ್ಕು ತಿಂಗಳು, ಬೆಳಗಿನ ಬಸ್ಸು ಹಿಡಿದು ತೊಣ್ಣೂರಿಗೆ ಬಂದು, ನಿನ್ನ ತೋಟದ ಶೆಡ್ಡಿನಲ್ಲಿ ನಾನು ಅದನ್ನು ಕಟ್ಟಿದೆ. ಕೆರೆ ನೋಡಲು ಬರುವವರಿಗೆ ಬಾಡಿಗೆಗೆ ಕೊಡೋಣ ಅನ್ನುವ ಆಸೆ ನಿನ್ನದು, ಕೈ ನನ್ನದು. ನಮ್ಮ ಕಡೆ ಹೊಸ ಮನೆಗೆ ಬಾಗಿಲು ನಿಲ್ಲಿಸಿದ ಆಚಾರಿಗೆ ಪಂಚೆ ಕೊಟ್ಟು, ಎಲೆ ಅಡಿಕೆ ಕೊಟ್ಟು, ಆಮೇಲೆ ತಾನೇ ಮನೆಯವರು ಒಳಗೆ ಕಾಲಿಡುವುದು? ನಿಮ್ಮಪ್ಪ ಪುಟ್ಟಸ್ವಾಮಿ ಗೌಡರು ನಮ್ಮಪ್ಪನಿಗೆ ಹಾಗೆ ಕೊಟ್ಟ ಪಂಚೆ ನಮ್ಮ ಪೆಟ್ಟಿಗೆಯಲ್ಲಿ ಈಗಲೂ ಇದೆ. ಚಕ್ರದ ಮೇಲಿದ್ದರೂ ಅದು ಮನೆಯೇ. ತಟ್ಟೆಯಲ್ಲಿ ಪಂಚೆ, ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಸುನಿತಮ್ಮ ಬಂದಾಗ ನಾನು ಶಲ್ಯ ಸರಿ ಮಾಡಿಕೊಂಡು ಬಾಗಿಲ ಪಕ್ಕ ನಿಂತೆ.

ಅಷ್ಟರಲ್ಲಿ ನೀನು ಕರೆಸಿದ್ದ ಮೈಸೂರಿನ ಹೋಟೆಲಿನವರು ಒಂದೇ ಬೆರಳಲ್ಲಿ ಬಾಗಿಲು ಸರಿಸಿ ನೋಡಿ, "ಎಲ್ಲಿ ಮಾಡಿಸಿದ್ದು ಗೌಡ್ರೇ?" ಅಂದರು. ನೀನು ನನ್ನ ಮುಖ ನೋಡಲಿಲ್ಲ. "ಕೊಯಮತ್ತೂರಿಂದ ತರ್ಸಿದ್ದು ಕಣ್ರೀ. ಇಲ್ಲಿ ಇಂಥ ಕೆಲ್ಸ ಯಾರಿಗ್ ಬತ್ತದೆ?" ಅಂದೆ. ಅವರು ನನ್ನ ಕಡೆ ಕೈ ತೋರಿಸಿ, "ಇವರು?" ಅಂದರು. "ಅವ್ನು ನಮ್ ನಾಗ. ಚಕ್ರಕ್ಕೆ ಗಾಳಿ ಗೀಳಿ ನೋಡ್ಕೊಳ್ಳಾಕೆ ಇಟ್ಕೊಂಡಿವ್ನಿ." ಆಮೇಲೆ ನೀನು ಸುನಿತಮ್ಮನ ಕೈಯಿಂದ ಆ ತಟ್ಟೆಯನ್ನು ತೆಗೆದು ಆ ಹೋಟೆಲಿನವರ ಕೈಗೆ ಕೊಟ್ಟೆ. ಅವರು ಪ್ಯಾಂಟು ಹಾಕಿಕೊಂಡು ಪಂಚೆ ಹಿಡಿದು ನಿಂತಿದ್ದರು, ಏನು ಮಾಡಬೇಕು ಅಂತ ಅವರಿಗೂ ಗೊತ್ತಿರಲಿಲ್ಲ.

ನಾಲ್ಕು ಜನರ ಮುಂದೆ ನಿನ್ನ ಮರ್ಯಾದೆ ತೆಗೆಯಬಾರದು ಅಂತ ನಾನು ಸುಮ್ಮನಿದ್ದೆ. ಊಟದ ಹೊತ್ತಿಗೆ ನನ್ನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಹೇಳಿದೆಯಲ್ಲ: "ಯಾಪಾರಕ್ಕೆ ಅಂಗ್ ಯೋಳ್ಬೇಕು ಕಣ್ಲಾ. ಕೊಪ್ಪಲಿನ ಆಚಾರಿ ಮಾಡವ್ನೆ ಅಂದ್ರೆ ಮೈಸೂರೋರು ಬಂದು ಮಲೀಕತಾರಾ? ನಿನ್ ಕೂಲಿಗೇನಾರ ಮೋಸ ಮಾಡಿವ್ನಾ?" ಇಲ್ಲ, ಕೂಲಿಗೆ ಮೋಸ ಮಾಡಿಲ್ಲ. ಆ ಮಾತಿಗೆ ನನ್ನ ಎದೆ ಉರಿದದ್ದು ಇವತ್ತಿನವರೆಗೂ ಆರಿಲ್ಲ.

ಮೊನ್ನೆ ಟಾರ್ಪಾಲಿನ ಒಂದು ಮೂಲೆ ಎತ್ತಿ ಒಳಗೆ ಹೋಗಲು ನೋಡಿದೆ. ಆ ಬಾಗಿಲು ಎರಡು ಕೈ ಹಾಕಿದರೂ ಸರಿಯಲಿಲ್ಲ, ಮರ ಉಬ್ಬಿಕೊಂಡಿದೆ. ಒದ್ದು ತೆಗೆದೆ. ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಪ್ಲೈವುಡ್ಡು ಪದರ ಪದರವಾಗಿ ಬಿಟ್ಟುಕೊಂಡಿದೆ, ಹಾಸಿಗೆಯ ಮೇಲೆ ಹಸಿರು ಬೂಷ್ಟು ಬೆರಳುದ್ದ ಬೆಳೆದಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಯಿತು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ನಿನ್ನ ಕೈಕೆಲಸವನ್ನು ನೀನೇ ಹಾಳು ಮಾಡಿಕೊಂಡೆಯಲ್ಲೋ ಅಂತ ನೀನು ಅನ್ನಬಹುದು. ನನ್ನದು ಯಾವುದು ದೇವರಾಜು? ಅದು ಕೊಯಮತ್ತೂರಿನದಲ್ಲವೇ?

ಅದಕ್ಕೇ ರಿಪೇರಿಗೆ ನನ್ನನ್ನು ಕರೆಯಬೇಡ. ಕೊಯಮತ್ತೂರಿನವರನ್ನೇ ಕರೆಸು, ಕಟ್ಟಿದವರಿಗೆ ತಾನೇ ಅದರ ಒಳಗುಟ್ಟು ಗೊತ್ತಿರುವುದು. ದಸರಾಕ್ಕೆ ಆ ಹೋಟೆಲಿನವರು ಜನರನ್ನು ಕರೆದುಕೊಂಡು ಬರುತ್ತಾರಂತಲ್ಲ, ಅವರ ಎದುರಿಗೇ ಹಗ್ಗ ಬಿಚ್ಚು. ಯಾರು ಹೊದಿಸಿದ್ದು ಅಂತ ಅವರು ಕೇಳಿದರೆ ಈ ಸಲ ನನ್ನ ಹೆಸರು ಧಾರಾಳವಾಗಿ ಹೇಳು. ಪೊಲೀಸಿಗೆ ಹೇಳುವುದಾದರೂ ಹೇಳು. ನಾನು ಇಲ್ಲ ಅನ್ನುವುದಿಲ್ಲ.

ಸುನಿತಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅರ್ಪಿತಳಿಗೆ ತಣ್ಣೀರು ಮುಟ್ಟಬೇಡ ಅಂತ ಹೇಳು. ಆ ಕೂಸಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ನೂರು ವರ್ಷ ಬಾಳಲಿ. ಅದಕ್ಕೆ ತೊಟ್ಟಿಲು ಬೇಕಾದರೆ ಹೊನ್ನೆ ಮರದಲ್ಲಿ ಮಾಡಿಕೊಡುತ್ತೇನೆ, ಯಾರು ಮಾಡಿದ್ದು ಅಂತ ನೀನು ಬಾಯಿ ಬಿಟ್ಟು ಹೇಳುವುದಾದರೆ.

ಇಂತಿ,
ನಿನ್ನ ಜೊತೆಯಲ್ಲೇ ಬೆಳೆದ
ನಾಗರಾಜ

ಮರೆತ ಮಾತು: ಮರೆತಿರಲಿಲ್ಲ. ಬರೆಯಲು ಕೈ ಬರಲಿಲ್ಲ.

ರಥಸಪ್ತಮಿಯ ದಿನ ಬೇಲಿ ಪಕ್ಕ ಒಂದು ಆಟೋ ನಿಂತಿತ್ತು. ಅದರಲ್ಲಿ ದೊಡ್ಡತಾಯಮ್ಮ ಇದ್ದಳು. ಉಸಿರು ಕಟ್ಟುವ ಕಾಯಿಲೆಯವಳು, ಇಳಿದು ಬರುವ ಶಕ್ತಿ ಇರಲಿಲ್ಲ. ಹದಿನಾಲ್ಕು ತಿಂಗಳು ಅವಳನ್ನು ಕುಳ್ಳಮ್ಮನ ಕೈಗೆ ಒಪ್ಪಿಸಿ ನಾನು ಏನು ಕಟ್ಟಿದೆ ಅಂತ ತೋರಿಸಲು ಕರೆತಂದಿದ್ದೆ. ನೀನು ಆಡಿದ್ದೆಲ್ಲ ಅವಳ ಕಿವಿಗೆ ಬಿತ್ತು. ವಾಪಸ್ಸು ಬರುವಾಗ ಪಾಂಡವಪುರ ದಾಟಿದ ಮೇಲೆ ಬಾಯಿ ಬಿಟ್ಟಳು. "ಅದು ಕೊಯಮತ್ತೂರಿಂದ ಬಂದಿದ್ದಂತೆ. ಅಂಗಾರೆ ನನ್ನೊಬ್ಳನ್ನೇ ಬುಟ್ಬುಟ್ಟು ದಿನಾ ಎಲ್ಲಿಗ್ ಓಯ್ತಿದ್ರಿ?"

ನಾನು ಆಣೆ ಮಾಡಿದೆ. ಕೈಯ ಜಡ್ಡು ತೋರಿಸಿದೆ. ಅವಳು ಅಂದದ್ದು ಒಂದೇ ಮಾತು, "ಗೌಡ್ರು ಯಾಕೆ ಸುಳ್ ಯೋಳ್ತಾರೆ, ಬುಡಿ." ಅಲ್ಲಿಂದ ಏಳು ವಾರ ಗೋಡೆ ಕಡೆ ಮುಖ ಮಾಡಿಕೊಂಡೇ ಮಲಗಿದಳು. ನಾನು ಕೊಟ್ಟ ಗಂಜಿ ಮುಟ್ಟುತ್ತಿರಲಿಲ್ಲ, ಕುಳ್ಳಮ್ಮ ಕೊಟ್ಟರೆ ಕುಡಿಯುತ್ತಿದ್ದಳು.

ಮಾರ್ಚಿನಲ್ಲಿ ನಾನು ನಿನಗೆ ಫೋನು ಮಾಡಿ, ಒಂದು ಗಳಿಗೆ ಮನೆಗೆ ಬಂದು ಹೋಗು, ಅವಳ ಹತ್ತಿರ ನೀನೇ ಒಂದು ಮಾತು ಹೇಳಬೇಕು ಅಂದಿದ್ದು ನೆನಪಿದೆಯಾ? ಏನು ಮಾತು ಅಂತ ನೀನು ಕೇಳಲಿಲ್ಲ. "ಈ ವಾರ ಗಾಡಿಗೆ ಜನ ಬತ್ತಾವ್ರೆ ಕಣ್ಲಾ, ಮುಂದಿನ್ ವಾರ ಬತ್ತೀನಿ" ಅಂದೆ.

ಮುಂದಿನ ವಾರ ನೀನು ಬಂದೆ. ಕೈಯಲ್ಲಿ ಹಾರ ಇತ್ತು.