ತಂತಿ ಇರುವುದನ್ನೇ ತರಿಸು

ತಮ್ಮಾ,

ಹೊಲಿಗೆ ಅಂಗಡಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ.

ಇಯರ್‌ಫೋನಿನ ತಂತಿ ಕಿತ್ತುಹೋದ ಕಡೆ ದಾರ ಸುತ್ತಿ ನೋಡಿದೆ. ಎಡಗಡೆಯದು ಬಾಯೇ ಬಿಡುತ್ತಿಲ್ಲ. ಹೊಸದು ಬೇಕು, ಒಪ್ಪಿದೆ.

ಆರ್ಡರ್ ಮಾಡುವ ಮುಂಚೆ ಒಂದು ಮಾತು. ಮುಖ ಕಾಣದವರ ರಿವ್ಯೂ ಎಲ್ಲಾ ಓದಿ ಹೇಳಿದೆಯಲ್ಲ, ತಂತಿ ಸಿಕ್ಕುಗಟ್ಟುತ್ತದೆ, ತಂತಿ ಇಲ್ಲದ್ದೇ ವಾಸಿ ಅಂತ. "ಅಕ್ಕಾ, ನೀನು ಅಡುಗೆಮನೇಲಿ ಒಂದು ಸಿಕ್ಕಿಸ್ಕೋ, ನಾನು ರೂಮಲ್ಲಿ ಒಂದು. ಇಬ್ರೂ ಒಂದೇ ಹಾಡು ಕೇಳ್ಬಹುದು" ಅಂತಲೂ ಅಂದೆ.

ನನ್ನದೂ ಒಂದು ರಿವ್ಯೂ ಸೇರಿಸಿಕೋ. ಅಗ್ಗದ್ದೇ ಆಗಲಿ, ತಂತಿ ಇರುವುದನ್ನೇ ತರಿಸು. ಸಿಕ್ಕಾದರೆ ಬಿಡಿಸಿಕೊಡಲು ನಾನಿದ್ದೇನೆ. ಹಳೆಯದರಲ್ಲಿ ಒಂದು ನಿನ್ನ ಕಿವಿಗೆ, ಒಂದು ನನ್ನ ಕಿವಿಗೆ. ತಂತಿ ಗಿಡ್ಡ ಇದ್ದದ್ದಕ್ಕೇ ಅಲ್ಲವೇ, ಸಂಜೆ ನೀನು ನನ್ನ ಪಕ್ಕ ಕೂರುತ್ತಿದ್ದದ್ದು.

ಅಕ್ಕ