ಶೂನ್ಯ ಎಂದು ಬರೆದ ನೀರಿನ ಬಗ್ಗೆ

ನೀರಿನ ಗುಣಮಟ್ಟ ದೃಢೀಕರಿಸುವ ಕಚೇರಿಯ ಮುಖ್ಯಾಧಿಕಾರಿಗಳೇ,

ದೇವನೂರು ಹೋಬಳಿಯ ನಮ್ಮೂರ ಶಾಲೆಯ ಕೊಳವೆಬಾವಿ ನೀರಿನಲ್ಲಿ ಕರಗದ ಘನವಸ್ತು ‘ಶೂನ್ಯ’ ಎಂದು ತಾವು ಸಹಿ ಹಾಕಿದ್ದೀರಿ. ಆ ಸಹಿಯ ದೆಸೆಯಿಂದ ಶುದ್ಧೀಕರಣ ಘಟಕ ಸಿಗಬೇಕಿದ್ದ ಶಾಲೆಗಳ ಪಟ್ಟಿಯಿಂದ ನಮ್ಮ ಶಾಲೆಯ ಹೆಸರನ್ನು ಹೊಡೆದುಹಾಕಲಾಗಿದೆ. ನಲವತ್ತಾರು ಮಕ್ಕಳು ದಿನವೂ ನಲ್ಲಿಗೆ ಲೋಟ ಹಿಡಿದು ಆ ಶೂನ್ಯವನ್ನೇ ಕುಡಿಯುತ್ತ ಬಂದಿದ್ದಾರೆ. ಲೋಟದ ತಳದಲ್ಲಿ ಅದು ಕೆಂಪಗೆ ಕೂರುತ್ತದೆ.

ನಾನು ಹಿಟ್ಟಿನ ಗಿರಣಿ ನಡೆಸುವವನು, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಜಗಳಕ್ಕೆ ಬೇಕಾದ ಮಾತನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡು ಕಡೂರಿನ ತಮ್ಮ ಪ್ರಯೋಗಾಲಯಕ್ಕೆ ಬಂದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಅಲ್ಲಿನ ತಂತ್ರಜ್ಞೆ ನಿಖಿತಾ ಮೇಡಂ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಸಲಕರಣೆಯನ್ನೇ ತೋರಿಸಿದರು. ದಪ್ಪ ಗಾಜಿನ ಫ್ಲಾಸ್ಕು, ಅದರ ಬಾಯಿಗೆ ತಳದಲ್ಲಿ ತೂತುಗಳಿರುವ ಪಿಂಗಾಣಿ ಆಲಿಕೆ, ಆಲಿಕೆಯೊಳಗೆ ದುಂಡನೆಯ ಸೋಸುವ ಕಾಗದ. ಫ್ಲಾಸ್ಕಿನ ಪಕ್ಕದ ಕೊಳವೆಯಿಂದ ಪಂಪು ಗಾಳಿ ಎಳೆದರೆ ನೀರು ಸರ್ರನೆ ಕೆಳಗಿಳಿಯುತ್ತದೆ, ಕೆಸರು ಕಾಗದದ ಮೇಲೇ ಉಳಿಯುತ್ತದೆ. ಅದನ್ನು ಒಣಗಿಸಿ ತೂಗುತ್ತಾರೆ. ಉದ್ಘಾಟನೆಗೆ ಗಣ್ಯರ ದಿನಾಂಕ ಸಿಗದೆ ಈ ಪಂಪು ಎರಡು ವರ್ಷ ಪೆಟ್ಟಿಗೆಯೊಳಗೇ ಇತ್ತಂತೆ. ಈಗ ಓಡುತ್ತಿದೆ, ಅಭಿನಂದನೆಗಳು.

ಪರೀಕ್ಷೆಗೆಂದು ನಾವು ಕಳಿಸಿದ್ದ ಬಾಟಲಿಯಲ್ಲಿ ಉಳಿದಿದ್ದ ನೀರನ್ನೂ ಅವರು ನನ್ನೆದುರೇ ಸೋಸಿದರು. “ನೋಡಿ ಸಾರ್, ಕಾಗ್ದ ಮಲ್ಲಿಗೆ ಹೂವಿನಂಗಿದೆ. ನಾನೇನು ಸುಳ್ಳು ಬರೀಲಾ?” ಎಂದರು. ನಿಜಕ್ಕೂ ಬೆಳ್ಳಗಿತ್ತು.

ಊರಿಗೆ ಬಂದು, ಬಾಟಲಿ ತುಂಬಿಸಿಕೊಟ್ಟಿದ್ದ ಬಿಸಿಯೂಟದ ಅಡುಗೆಯ ಓಬಮ್ಮನನ್ನು ಕೇಳಿದೆ.

“ನೀರು ಎಲ್ಲಿಂದ ತುಂಬ್ದೆ ಓಬಮ್ಮ?”

“ಶಾಲೆ ನಲ್ಲೀಲೇ ಕಣಣ್ಣ. ಅಡುಗೆಗೆ ಸೋಸೋ ಬಟ್ಟೆ ಐತಲ್ಲ, ಅದ್ನ ನಾಕು ಮಡಿಕೆ ಮಾಡಿ ಸೋಸಿ ತುಂಬ್ದೆ.”

“ಸೋಸಿಬಿಟ್ಯಾ! ಯಾಕಮ್ಮಾ?”

“ಅಯ್ಯೋ, ಆಫೀಸ್ನೋರಿಗೆ ಕೊಡೋ ನೀರು. ಹಂಗೇ ರಾಡಿ ಕಳ್ಸಿದ್ರೆ ಊರಿನ ಮರ್ಯಾದೆ ಏನಾಗ್ಬೇಕು?”

ನಾನು ಹಣೆ ಚಚ್ಚಿಕೊಂಡೆ. ತಪ್ಪು ನಮ್ಮದೇ ಎಂದು ಬರೆದುಕೊಟ್ಟು, ಸೋಸದ ನೀರಿನ ಹೊಸ ಬಾಟಲಿಯೊಂದಿಗೆ ಮತ್ತೆ ತಮ್ಮ ಕಚೇರಿಗೆ ಬಂದೆ. ತಮ್ಮ ಲಿಖಿತ ಉತ್ತರ: ಕುಡಿಯಲು ಯೋಗ್ಯವೆಂದು ದೃಢಪಟ್ಟ ನೀರನ್ನು ಒಂದು ವರ್ಷದವರೆಗೆ ಮರುಪರೀಕ್ಷಿಸಲು ಅವಕಾಶವಿಲ್ಲ. ಕೊಳಕೆಂದು ದೃಢಪಟ್ಟಿದ್ದರೆ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬಹುದಂತೆ. ಅಂದರೆ ನಮ್ಮ ನೀರು ಕೊಳಕೆಂದು ತೋರಿಸಲು ಅದು ಮೊದಲೇ ಕೊಳಕೆಂದು ತೋರಿರಬೇಕು. ಗಿರಣಿಗೆ ಬಂದವರಿಗೆಲ್ಲ ಈ ಉತ್ತರವನ್ನು ಓದಿ ಹೇಳಿದೆ, ಯಾರೂ ನಂಬಲಿಲ್ಲ. ಫ್ಲಾಸ್ಕಿನೊಳಗಿನ ಗಾಳಿಯನ್ನೇ ಎಳೆಯುವ ಯಂತ್ರವಿರುವ ಕಚೇರಿಯಲ್ಲಿ, ಮೇಜಿನ ಮೇಲಿನ ಒಂದು ಬಾಟಲಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುವವರು ಯಾರೂ ಇಲ್ಲವೇ?

ಎರಡನೇ ತರಗತಿಯ ಮಾಯಾ ಓಬಮ್ಮನ ಮೊಮ್ಮಗಳು. ಈ ತಿಂಗಳು ಹೊಟ್ಟೆನೋವೆಂದು ಎಂಟು ದಿನ ಶಾಲೆಗೆ ಬಂದಿಲ್ಲ. ನೀರಿನಿಂದಲೇ ಎಂದು ನಾನು ಹೇಳಲಾರೆ, ಹೇಳಬೇಕಾದವರು ತಾವು. ನನಗಂತೂ ಹೆದರಿಕೆಯಾಗಿದೆ.

ಆದ್ದರಿಂದ, ಇದೇ ವಾರ ತಮ್ಮವರೇ ಬಂದು ನಮ್ಮ ನಲ್ಲಿಯಿಂದ ತಮ್ಮ ಕೈಯಾರೆ ಬಾಟಲಿ ತುಂಬಿಕೊಂಡು ಹೋಗಬೇಕು. ಪಟ್ಟಿಗೆ ಶಾಲೆಯ ಹೆಸರನ್ನು ಮತ್ತೆ ಸೇರಿಸಬೇಕು. ನೀರು ಕಳಿಸಲು ನಿಯಮ ಬಿಡದ ಕಾರಣ ಓಬಮ್ಮನ ಬಟ್ಟೆಯನ್ನೇ ಈ ಪತ್ರಕ್ಕೆ ಲಗತ್ತಿಸಿದ್ದೇನೆ. ತಮ್ಮ ಕಾಗದದ ಮೇಲೆ ಇರಬೇಕಾಗಿದ್ದ ಕೆಸರು ಇದರಲ್ಲಿದೆ. ಒಣಗಿದೆ, ತೂಗಬಹುದು.

ತೂಗಿದ ಮೇಲೆ ಬಟ್ಟೆಯನ್ನು ದಯವಿಟ್ಟು ಬೇಗ ವಾಪಸು ಕಳಿಸಿ. ಓಬಮ್ಮ ಈಗ ಮಕ್ಕಳ ಲೋಟಕ್ಕೂ ನೀರು ಸೋಸುತ್ತಿದ್ದಾಳೆ, ಉಟ್ಟ ಸೀರೆಯ ಸೆರಗಿನಲ್ಲಿ.

ಇಂತಿ,
ರಾಡಿ ನೀರನ್ನು ರಾಡಿಯಾಗಿಯೇ ತರಲು ತಿಳಿಯದ
ಚೌಡಪ್ಪ